ಹಿತ್ತಿಲ ಸೊಪ್ಪು ಮತ್ತು ಮಿತವ್ಯಯದ ಧರ್ಮ

ಮಿತವ್ಯಯವನ್ನು ಹೊಗಳದ ನೀತಿಗ್ರಂಥವಿಲ್ಲ; ಅದನ್ನು ಕುರಿತ ಪಾಠವಿಲ್ಲದ ವಾಚಕಪುಸ್ತಕವೂ ಅಪರೂಪ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮ್ಮ ಮಕ್ಕಳು ಕಾಗುಣಿತದ ಜೊತೆಯಲ್ಲಿಯೇ ಕಲಿಯುತ್ತಾರೆ. ಉಪಾಧ್ಯಾಯರಾದ ನಾವು ಅದರ ಮೇಲೆ ಪ್ರಬಂಧ ಬರೆಸುತ್ತೇವೆ, ತಿದ್ದುತ್ತೇವೆ, ಅಂಕ ಕೊಡುತ್ತೇವೆ. ಆದರೆ ಒಂದೇ ಹಾಸಿಗೆಯಲ್ಲಿ ಐದಾರು ಮಂದಿ ಮಲಗಬೇಕಾದ ಮನೆಯಲ್ಲಿ ಯಾರ ಕಾಲು ಹೊರಗೆ ಉಳಿಯುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳಿ, ಅದಕ್ಕೆ ತಕ್ಕ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಪ್ರಶ್ನೆಯನ್ನು ನಮ್ಮ ಸೀಮೆಯಿಂದಲೇ ಆರಂಭಿಸುವುದು ಉಚಿತ. ರಾಯದುರ್ಗ ತಾಲ್ಲೂಕು 1953ನೆಯ ಅಕ್ಟೋಬರ್ 1ರ ವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಅಂದು ಆಂಧ್ರ ರಾಜ್ಯದ ಪಾಲಾಗಿ ಅನಂತಪುರ ಜಿಲ್ಲೆಯನ್ನು ಸೇರಿತು. ಮಡಕಶಿರಾ ಬಹುಕಾಲ ಅದೇ ಜಿಲ್ಲೆಯಲ್ಲಿದ್ದು, 2022ರಲ್ಲಿ ಹೊಸದಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಹೀಗೆ ಬದಲಾದರೂ ಎರಡು ಕಡೆಯಲ್ಲಿಯೂ ಬದಲಾಗದ ಸಂಗತಿ ಒಂದಿದೆ. ಅದು ಮಳೆಯ ಬಡತನ. ಪಶ್ಚಿಮದ ಮೋಡಗಳು ಘಟ್ಟಗಳಲ್ಲಿಯೇ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ಪೂರ್ವ ಸಮುದ್ರದ ಮಳೆ ಇಷ್ಟು ದೂರ ಬರುವ ಹೊತ್ತಿಗೆ ಸೊರಗಿರುತ್ತದೆ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರು ಮಾತ್ರ. ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಇಂಥ ನೆಲದಲ್ಲಿ ಮಿತವ್ಯಯವೆಂಬುದು ಪುಸ್ತಕದಿಂದ ಕಲಿಯಬೇಕಾದ ಗುಣವಲ್ಲ. ಆಕಾಶವೇ ಅದನ್ನು ಕಲಿಸುತ್ತದೆ.

ಆಕಾಶ ಕಲಿಸಿದ್ದನ್ನು ನಮ್ಮ ಹೆಂಗಸರು ಒಂದು ಕಲೆಯನ್ನಾಗಿ ಬೆಳೆಸಿದರು. ಬಚ್ಚಲಿನಿಂದ ಹೊರಬರುವ ನೀರು ಬೀದಿಗೆ ಹರಿದರೆ ಕೆಸರು. ಹಿತ್ತಿಲಿಗೆ ತಿರುಗಿದರೆ ಒಂದು ಬಾಳೆ, ಒಂದು ಬಸಳೆಯ ಚಪ್ಪರ. ಪಾತ್ರೆ ತೊಳೆದ ನೀರಿಗೆ ನಾಲ್ಕು ಬದನೆಯ ಗಿಡ, ಎರಡು ಮೆಣಸಿನ ಗಿಡ. ಬೇಲಿಯ ಮೇಲೆ ಹೀರೆಯ ಬಳ್ಳಿ, ಚಾವಣಿಯ ಮೇಲೆ ಕುಂಬಳದ ಬಳ್ಳಿ, ಮೂಲೆಯಲ್ಲಿ ಯಾರೂ ನೀರೆರೆಯದಿದ್ದರೂ ಬದುಕುವ ನುಗ್ಗೆ. ಮಳೆ ಬಿದ್ದ ನಾಲ್ಕಾರು ದಿನಕ್ಕೆ ತಾನಾಗಿಯೇ ಏಳುವ ಗೋಣಿಸೊಪ್ಪು, ಅಣ್ಣೆಸೊಪ್ಪುಗಳು ಕಳೆಯೆಂದು ಕಿತ್ತವನಿಗೆ ಕಳೆ, ಮಡಿಲಿಗೆ ತುಂಬಿಕೊಂಡವಳಿಗೆ ಸಾರು. ರಾಯದುರ್ಗದ ಕಡೆ ಜೋಳದ ರೊಟ್ಟಿಗೆ ಪುಂಡಿಪಲ್ಲೆಯ ಹುಳಿ ಜೊತೆಯಾದರೆ, ಮಡಕಶಿರಾದ ಕಡೆ ರಾಗಿಮುದ್ದೆಗೆ ಬಸ್ಸಾರು ಜೊತೆ.

ಈ ಬಸ್ಸಾರನ್ನು ಕುರಿತು ಎರಡು ಮಾತು ಹೆಚ್ಚಾಗಿ ಹೇಳಿದರೆ ವಾಚಕರು ಮನ್ನಿಸಬೇಕು. ಮಿತವ್ಯಯದ ತತ್ತ್ವವೆಲ್ಲ ಅದರಲ್ಲಿ ಅಡಗಿದೆ. ಹಿಡಿ ಅಲಸಂದೆಯನ್ನೋ ಹುರುಳಿಯನ್ನೋ ಬೇಯಲಿಟ್ಟು, ಅದು ಅರ್ಧ ಬೆಂದ ಮೇಲೆ ಸೊಪ್ಪನ್ನು ಹಾಕುತ್ತಾರೆ. ಎರಡೂ ಬೆಂದ ಮೇಲೆ ಕಟ್ಟನ್ನು ಬಸಿದು ಬೇರೆ ಇಡುತ್ತಾರೆ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದರೆ ಅದು ಪಲ್ಯ. ಬೆಂದ ಕಾಳಿನಲ್ಲಿ ಒಂದು ಸೌಟನ್ನು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಯ ಹಣ್ಣಿನೊಡನೆ ಅರೆದು ಕಟ್ಟಿಗೆ ಬೆರೆಸಿ ಕುದಿಸಿದರೆ ಅದು ಸಾರು. ಒಲೆ ಒಂದು, ಮಡಕೆ ಒಂದು, ಉರಿದ ಸೌದೆ ಒಂದೇ ಪಾಲು. ಊಟಕ್ಕೆ ಮಾತ್ರ ಎರಡು ಬಗೆ. ಸೊಪ್ಪಿನ ಸಾರ ನೀರಿಗೆ ಇಳಿದರೆ ಆ ನೀರೂ ಹೊಟ್ಟೆಗೇ ಸೇರುತ್ತದೆ. ಹೀರೆಯ ಸಿಪ್ಪೆ ಚಟ್ನಿಯಾಗುತ್ತದೆ. ಹೆಚ್ಚಿಗೆ ಬಿಟ್ಟ ಕುಂಬಳ ಸಂಡಿಗೆಯಾಗಿ, ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿ, ಏನೂ ಬೆಳೆಯದ ತಿಂಗಳುಗಳಿಗೆ ಕಾದಿರುತ್ತವೆ. ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕದಡಿದರೆ ಅಂಬಲಿ.

ಈ ಊಟ ಬಡವರ ಊಟವೆಂದು ಕೀಳಾಗಿ ಕಾಣಬೇಕಾದುದೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ನುಣುಪು ಮಾಡಿದ ಅಕ್ಕಿಯಲ್ಲಿ ಅದರ ಸಣ್ಣ ಭಾಗವೂ ಇಲ್ಲ. ಕನಕದಾಸರು 16ನೆಯ ಶತಮಾನದಲ್ಲಿಯೇ ತಮ್ಮ ರಾಮಧಾನ್ಯಚರಿತೆಯಲ್ಲಿ ಈ ವ್ಯಾಜ್ಯವನ್ನು ತೀರ್ಮಾನ ಮಾಡಿಟ್ಟಿದ್ದಾರೆ. ಅಲ್ಲಿ ನೆಲ್ಲಿಗೂ ರಾಗಿಗೂ ಹಿರಿಮೆಯ ಜಗಳ ಬಂದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಲಾಗುತ್ತದೆ. ಅವಧಿ ಮುಗಿದಾಗ ನೆಲ್ಲು ಕಳೆಗುಂದಿರುತ್ತದೆ, ರಾಗಿ ಕೆಡದೆ ನಿಂತಿರುತ್ತದೆ. ಬರಗಾಲವನ್ನು ಕಂಡ ಜನಕ್ಕೆ ಈ ಕಥೆಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇಷ್ಟರ ವರೆಗೆ ಬರೆದುದನ್ನೆಲ್ಲ ನಾವು ತರಗತಿಯಲ್ಲಿಯೂ ಹೇಳುತ್ತಿದ್ದೆವು. ಒಂದು ವರ್ಷ ಮಿತವ್ಯಯದ ಮೇಲೆ ಪ್ರಬಂಧ ಬರೆಯಲು ಕೊಟ್ಟಿದ್ದಾಗ, ಒಬ್ಬ ಹುಡುಗಿ ತನ್ನ ಮನೆಯ ಹಿತ್ತಿಲನ್ನೂ ಅಡುಗೆಯನ್ನೂ ಅಚ್ಚುಕಟ್ಟಾಗಿ ವರ್ಣಿಸಿ, ಕೊನೆಯಲ್ಲಿ ಹೀಗೆ ಬರೆದಿದ್ದಳು: “ನಮ್ಮ ಅವ್ವ ಬಹಳ ಮಿತವ್ಯಯಿ. ಮುದ್ದೆ ಕಡಿಮೆಯಾದ ದಿನ ಅವಳಿಗೆ ಹಸಿವಾಗುವುದಿಲ್ಲ.” ನಾವು ಮೊದಲು ಒತ್ತಕ್ಷರದ ಒಂದು ತಪ್ಪನ್ನು ತಿದ್ದಿದೆವು. ಅನಂತರ ಆ ವಾಕ್ಯವನ್ನು ಎರಡನೆಯ ಸಲ ಓದಿದೆವು. ಹುಡುಗಿ ವ್ಯಂಗ್ಯವಾಗಿ ಬರೆದಿರಲಿಲ್ಲ. ಅವ್ವ ಹೇಳಿದ್ದನ್ನು ನಂಬಿ ಬರೆದಿದ್ದಳು. ನಾವು ಕಲಿಸಿದ ಗುಣಕ್ಕೆ ಅವಳು ಕೊಟ್ಟ ಅತ್ಯುತ್ತಮ ಉದಾಹರಣೆ ಅದು. ಅಂಕವನ್ನು ಕೊಟ್ಟೆವು, ಆದರೆ ಅಂದಿನಿಂದ ಆ ಪಾಠವನ್ನು ಹಿಂದಿನಂತೆ ಹೇಳಲು ನಮಗೆ ಸಾಧ್ಯವಾಗಿಲ್ಲ.

ಮಿತವ್ಯಯಕ್ಕೂ ಲೋಭಕ್ಕೂ ಇರುವ ಭೇದವನ್ನು ನೀತಿಕಾರರು ಬಹಳ ಹೇಳಿದ್ದಾರೆ. ಅಗತ್ಯವಿದ್ದಲ್ಲಿ ಖರ್ಚು ಮಾಡಿ ಅನಗತ್ಯವಾದಲ್ಲಿ ತಡೆಯುವುದು ಮಿತವ್ಯಯ. ಅಗತ್ಯವಿದ್ದರೂ ಕೈ ಬಿಚ್ಚದಿರುವುದು ಲೋಭ. ಮಿತವ್ಯಯಕ್ಕೂ ಅಭಾವಕ್ಕೂ ಇರುವ ಭೇದವನ್ನೂ ಯೋಚಿಸಿದವರು ಬಲ್ಲರು. ಇದ್ದು ಕಡಿಮೆ ಉಣ್ಣುವುದು ಒಂದು, ಇಲ್ಲದೆ ಕಡಿಮೆ ಉಣ್ಣುವುದು ಇನ್ನೊಂದು. ಮೊದಲನೆಯದು ವ್ರತ, ಎರಡನೆಯದು ಹಸಿವು. ಈ ಎರಡು ಭೇದಗಳೂ ಸರಿಯೇ. ಆದರೆ ಅವೆರಡೂ ಮನೆಯನ್ನು ಒಬ್ಬ ವ್ಯಕ್ತಿಯೆಂಬಂತೆ ಭಾವಿಸುತ್ತವೆ. ಮನೆಗೆ ಒಂದು ಹೊಟ್ಟೆಯಿಲ್ಲ. ಎಷ್ಟು ಜನರಿದ್ದಾರೋ ಅಷ್ಟು ಹೊಟ್ಟೆಗಳಿವೆ. ಆದುದರಿಂದ “ಈ ಮನೆ ಮಿತವಾಗಿ ಬಾಳುತ್ತದೆ” ಎಂಬ ಹೊಗಳಿಕೆಯ ಮಾತು ಅರ್ಧ ಮಾತು. ಮಿತಿಯನ್ನು ಗೊತ್ತು ಮಾಡಿದವರು ಯಾರು, ಅದನ್ನು ಅನುಭವಿಸುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಮಾತ್ರ ಆ ಮಾತು ಪೂರ್ತಿಯಾಗುತ್ತದೆ.

ಮನೆಯೊಳಗಿನ ವಿಷಯವನ್ನು ಮುಂದುವರಿಸುವ ಮುನ್ನ, ಇದೇ ಪ್ರಶ್ನೆ ನಮ್ಮ ನಾಡಿನಲ್ಲಿ ಒಮ್ಮೆ ಬಹು ದೊಡ್ಡದಾಗಿ ಎದ್ದುದನ್ನು ನೆನೆಯಬೇಕು. ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ 1876–78ರ ಕ್ಷಾಮದಲ್ಲಿ ಅತ್ಯಂತ ಹೆಚ್ಚಾಗಿ ಬೆಂದ ಪ್ರದೇಶಗಳಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯೂ ಒಂದು. ಅನಂತಪುರ ಜಿಲ್ಲೆ ಪ್ರತ್ಯೇಕವಾದದ್ದು 1882ರಲ್ಲಿ. ಆಗ ನಮ್ಮ ಸೀಮೆಯೆಲ್ಲ ಬಳ್ಳಾರಿಯೊಳಗೇ ಇತ್ತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಮದ್ರಾಸು ಪ್ರಾಂತಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಸರ್ಕಾರದ ಖರ್ಚು ಮಿತಿಮೀರಬಾರದೆಂದು, ಕ್ಷಾಮದ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅದರ ಮೇಲೆ ಚಿಲ್ಲರೆ ಕಾಸು ಸಾಕೆಂದು ಗೊತ್ತು ಮಾಡಿದನು. ಕಲ್ಲು ಮಣ್ಣು ಹೊರುವ ದೇಹಕ್ಕೆ ಅದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಲವಾಗಿ ವಾದಿಸಿದರು. ಆ ವರ್ಷದ ನಡುವೆ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಏರಿಕೆಯನ್ನು ಕಾಣಲಾಗದೆ ಹೋದವರು ಎಷ್ಟೋ ಮಂದಿ.

ಟೆಂಪಲ್ ಕ್ರೂರಿಯಾಗಿದ್ದನೆಂದು ಸಾಧಿಸುವುದು ನಮ್ಮ ಅಭಿಪ್ರಾಯವಲ್ಲ. ಅವನು ಮಿತವ್ಯಯವನ್ನೇ ಮಾಡುತ್ತಿದ್ದೇನೆಂದು ನಂಬಿದ್ದಿರಬಹುದು. ಅವನ ತಪ್ಪು ಎಲ್ಲಿದೆಯೆಂದರೆ, ಎಷ್ಟು ಸಾಕು ಎಂಬುದನ್ನು ಉಂಡವನು ಹಸಿದವನಿಗಾಗಿ ಅಳೆದದ್ದರಲ್ಲಿ. ತಕ್ಕಡಿ ಅವನ ಕೈಯಲ್ಲಿತ್ತು. ಹೊಟ್ಟೆ ಮಾತ್ರ ಬೇರೆಯವರದು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಡಬಹುದು. 1965ರಲ್ಲಿ ದೇಶಕ್ಕೆ ಧಾನ್ಯದ ಕೊರತೆ ಬಂದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡಬೇಕೆಂದು ಜನರನ್ನು ಬೇಡಿಕೊಂಡರು. ಹಾಗೆ ಬೇಡುವ ಮುನ್ನ ತಮ್ಮ ಮನೆಯಲ್ಲಿಯೇ ಅದನ್ನು ಆಚರಿಸಿ ನೋಡಿದರೆಂಬುದು ಪ್ರಸಿದ್ಧವಾದ ವಿಷಯ. ಎರಡು ಸಂದರ್ಭಗಳಲ್ಲಿಯೂ ಹೇಳಿದ ಮಾತು ಒಂದೇ: ಕಡಿಮೆ ಉಣ್ಣಿರಿ. ಒಂದನ್ನು ಕೇಳಿ ಜನ ಶಪಿಸಿದರು, ಇನ್ನೊಂದನ್ನು ಕೇಳಿ ಎಷ್ಟೋ ಮನೆಗಳಲ್ಲಿ, ಹೋಟೆಲುಗಳಲ್ಲಿ ಸೋಮವಾರದ ರಾತ್ರಿ ಒಲೆ ಹಚ್ಚಲಿಲ್ಲ. ಹೇಳುವವನು ತನ್ನ ಪಾಲನ್ನು ಮೊದಲು ತಗ್ಗಿಸಿಕೊಂಡದ್ದೇ ಭೇದ. ಇದರಿಂದ ನಮಗೆ ಒಂದು ಸೂತ್ರ ದೊರೆಯುತ್ತದೆ: ಮಿತಿಯನ್ನು ವಿಧಿಸುವವನು ಆ ಮಿತಿಯೊಳಗೆ ಮೊದಲು ತಾನು ನಿಲ್ಲಬೇಕು. ಹಾಗಿಲ್ಲದ ಮಿತವ್ಯಯ ಪರರ ಮೇಲೆ ಹೊರಿಸಿದ ಹಸಿವು.

ಈ ಸೂತ್ರವನ್ನು ಹಿಡಿದುಕೊಂಡು ಈಗ ಮನೆಗೆ ಹಿಂದಿರುಗೋಣ. ನಮ್ಮ ಮನೆಗಳಲ್ಲಿ ಊಟದ ಕ್ರಮವೇನು? ಮೊದಲು ಮಕ್ಕಳು ಮತ್ತು ಗಂಡಸರು, ಅನಂತರ ವೃದ್ಧರು, ಅಥವಾ ವೃದ್ಧರೇ ಮೊದಲು. ಕ್ರಮ ಹೇಗೇ ಇರಲಿ, ಬಡಿಸಿದವಳು ಕೊನೆ. ಬೇಳೆ ಇರುವುದು ಸಾರಿನ ತಳದಲ್ಲಿ; ಮೊದಲು ಉಂಡವರಿಗೆ ಸೌಟು ತಳಮುಟ್ಟಿ ಬರುತ್ತದೆ, ಕೊನೆಯವಳಿಗೆ ತಿಳಿ. ಮುದ್ದೆ ನಾಲ್ಕಿದ್ದು ಜನ ಐವರಾದರೆ, ಲೆಕ್ಕ ತಪ್ಪಿದ್ದು ಯಾರ ತಟ್ಟೆಯಲ್ಲಿ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಇದ್ದಾರೆ; ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಈ ಅಂತರವೆಲ್ಲ ತಟ್ಟೆಯಿಂದಲೇ ಬಂದುದಲ್ಲ. ಮುಟ್ಟು, ಬಸಿರು, ಬಾಣಂತನಗಳಲ್ಲಿ ಹೆಣ್ಣಿನ ದೇಹ ರಕ್ತವನ್ನು ಹೆಚ್ಚಾಗಿ ವ್ಯಯಮಾಡುತ್ತದೆ. ಆದರೆ ಹೆಚ್ಚು ವ್ಯಯವಾಗುವ ದೇಹಕ್ಕೆ ಹೆಚ್ಚು ಬಡಿಸಬೇಕೆಂಬುದು ತಾನೆ ವಿವೇಕ? ಹಿತ್ತಿಲಲ್ಲಿ ಸೊಪ್ಪನ್ನು ಬೆಳೆದವಳಿಗೇ ಸೊಪ್ಪು ಸಾಲದೆ ಹೋದರೆ ಆ ಮಿತವ್ಯಯದಲ್ಲಿ ಎಲ್ಲಿಯೋ ತಪ್ಪಿದೆ.

ತಟ್ಟೆಯ ಲೆಕ್ಕದ ಜೊತೆಗೆ ಶ್ರಮದ ಲೆಕ್ಕವೂ ಇದೆ. ಹಿತ್ತಿಲ ತರಕಾರಿ ಪುಕ್ಕಟೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೇಸಗೆಯಲ್ಲಿ ಬಚ್ಚಲ ನೀರು ಸಾಲದಾದಾಗ ಕೊಡ ಹೊತ್ತವರು ಯಾರು? ಗೊಬ್ಬರ ಹಾಕಿದವರು, ಹುಳು ಆರಿಸಿದವರು, ಸೊಪ್ಪು ಸೋಸಿದವರು ಯಾರು? ಸಂತೆಯಲ್ಲಿ ಉಳಿದ ಕಾಸು ಕಣ್ಣಿಗೆ ಕಂಡಿತು. ಅದಕ್ಕಾಗಿ ಬಾಗಿದ ಬೆನ್ನು ಕಾಣಲಿಲ್ಲ. ಒಂದು ಕಡೆಯ ಅಂಕಣವನ್ನು ಮಾತ್ರ ಬರೆದ ಲೆಕ್ಕಕ್ಕೆ ನಾವು ಶಾಲೆಯಲ್ಲಿ ಸೊನ್ನೆ ಹಾಕುತ್ತೇವೆ.

ಇಲ್ಲಿ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ಮೊದಲನೆಯದು ಬಹು ಗೌರವದ ಆಕ್ಷೇಪಣೆ: ತಾಯಿ ಕೊನೆಯಲ್ಲಿ ಉಣ್ಣುವುದು ಪ್ರೀತಿಯಿಂದ; ಅದನ್ನು ತಕ್ಕಡಿಗೆ ಹಾಕಿ ತೂಗುವುದು ಅವಳಿಗೆ ಅವಮಾನವಲ್ಲವೆ? ಪ್ರೀತಿಯಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ದಾನಕ್ಕೂ ಕಪ್ಪಕ್ಕೂ ಭೇದವಿದೆ. ಕೊಡದಿರಲು ಸ್ವಾತಂತ್ರ್ಯವಿದ್ದೂ ಕೊಟ್ಟದ್ದು ದಾನ. ಕೊಡದಿದ್ದರೆ ಲೋಕ ಬೈಯುವುದೆಂದು ಪ್ರತಿದಿನ ಒಪ್ಪಿಸುವುದು ಕಪ್ಪ. ಒಂದು ದಿನ ತಾಯಿ, “ಇವತ್ತು ನನಗೆ ಹಸಿವಾಗಿದೆ, ಮೊದಲು ನಾನು ಉಣ್ಣುತ್ತೇನೆ” ಎಂದರೆ ಮನೆಯವರು ಅಚ್ಚರಿಪಡದೆ ತಟ್ಟೆ ಹಾಕುವರೆ? ಹಾಕುವರಾದರೆ ಉಳಿದ ದಿನಗಳ ಅವಳ ತ್ಯಾಗ ನಿಜವಾದ ದಾನ. ಅಲ್ಲದೆ, ದಾನವನ್ನು ಪಡೆದವನಿಗೆ ಅದು ದಾನವೆಂದು ತಿಳಿದಿರಬೇಕು. ನಮ್ಮ ಆ ಹುಡುಗಿಗೆ ತಿಳಿದಿರಲಿಲ್ಲ. ಅವ್ವನಿಗೆ ಹಸಿವಾಗುವುದಿಲ್ಲವೆಂದೇ ಅವಳು ನಂಬಿದ್ದಳು. ತಿಳಿಯದೆ ಪಡೆದವರು ಕೃತಜ್ಞರಾಗಲಾರರು. ಮುಂದೆ ಅವರೇ ಆ ಸ್ಥಾನಕ್ಕೆ ಬಂದಾಗ ಅದನ್ನೇ ಧರ್ಮವೆಂದು ಮುಂದುವರಿಸುತ್ತಾರೆ.

ಎರಡನೆಯ ಆಕ್ಷೇಪಣೆ: ಮುದ್ದೆ ಕಡಿಮೆಯಾಗುವುದು ಮಳೆ ತಪ್ಪಿದ್ದರಿಂದ, ಶೇಂಗಾದ ಬೆಲೆ ಬಿದ್ದದ್ದರಿಂದ, ಸಾಲದಿಂದ, ಅವನ್ನು ಬಿಟ್ಟು ಮನೆಯ ಸೌಟನ್ನು ವಿಚಾರಿಸಿ ಫಲವೇನು? ಕಾರಣಗಳು ಹೊರಗಿವೆಯೆಂಬುದು ಸತ್ಯ. ಅವುಗಳಿಗೆ ಪರಿಹಾರವೂ ಹೊರಗೇ, ರಾಜ್ಯದಲ್ಲಿ ಮತ್ತು ಸಮಾಜದಲ್ಲಿ, ಆಗಬೇಕು. ಮಿತವ್ಯಯದ ಬೋಧೆ ನ್ಯಾಯವಾದ ಕೂಲಿಗೆ ಬದಲಾಗಲಾರದೆಂಬುದನ್ನೇ ಟೆಂಪಲ್ಲನ ಕಥೆ ಹೇಳುತ್ತದೆ. ಆದರೆ ಹೊರಗಿನಿಂದ ಬಂದ ಕೊರತೆಯನ್ನು ಒಳಗೆ ಹೇಗೆ ಹಂಚಿಕೊಳ್ಳುತ್ತೇವೆ ಎಂಬುದು ನಮ್ಮ ಕೈಯಲ್ಲಿಯೇ ಇದೆ. ಮಳೆಯ ಮೇಲೆ ನಮಗೆ ಅಧಿಕಾರವಿಲ್ಲ, ಸೌಟಿನ ಮೇಲೆ ಇದೆ.

ಮೂರನೆಯದು: ಹಿತ್ತಿಲೇ ಇಲ್ಲದವರು ಏನು ಮಾಡಬೇಕು? ಇದು ಅತ್ಯಂತ ನ್ಯಾಯವಾದ ಪ್ರಶ್ನೆ. ಒಂದೇ ಕೋಣೆಯಲ್ಲಿ ಬಾಡಿಗೆಗೆ ಇರುವವನಿಗೆ ಹಿತ್ತಿಲ ಕೃಷಿಯನ್ನು ಬೋಧಿಸುವುದು ಪರಿಹಾಸ್ಯವಾಗುತ್ತದೆ. ಆದರೆ ಕುಂಬಳದ ಬಳ್ಳಿಯ ಸ್ವಭಾವವನ್ನು ನೋಡಿರಿ: ಅದು ಒಂದು ಮನೆಗೆ ಸಾಕಾಗುವಷ್ಟು ಕಾಯಿಯನ್ನು ಎಂದೂ ಬಿಡುವುದಿಲ್ಲ, ಬಿಟ್ಟರೆ ನಾಲ್ಕು ಮನೆಗೆ ಸಾಲುವಷ್ಟು ಬಿಡುತ್ತದೆ. ಒಡೆದ ಕುಂಬಳಕಾಯಿ ಬಹಳ ದಿನ ಇರುವುದಿಲ್ಲವಾದ್ದರಿಂದ ಹೋಳು ಮಾಡಿ ಅಕ್ಕಪಕ್ಕದವರಿಗೆ ಕೊಡುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಶರಣರು ದುಡಿಮೆಯ ಜೊತೆಯಲ್ಲಿ ದಾಸೋಹವನ್ನು ಇಟ್ಟದ್ದರ ಮರ್ಮವೂ ಇದೇ. ತನ್ನ ಮನೆಯಲ್ಲಿ ಉಳಿಸಿದ್ದು ಪೆಟ್ಟಿಗೆಗೆ ಹೋದರೆ ಅದು ಲೋಭದ ಕಡೆಗೆ ಒಂದು ಹೆಜ್ಜೆ. ಪಕ್ಕದ ಮನೆಯ ತಟ್ಟೆಗೆ ಹೋದರೆ ಧರ್ಮದ ಕಡೆಗೆ ಒಂದು ಹೆಜ್ಜೆ.

ಹಾಗಾದರೆ ಉಪಾಧ್ಯಾಯರು ಮತ್ತು ವಿದ್ಯಾರ್ಥಿಗಳು ಮಾಡಬಹುದಾದುದೇನು? ದೊಡ್ಡ ಸುಧಾರಣೆಗಳನ್ನು ನಾವು ಸೂಚಿಸಲಾರೆವು. ಚಿಕ್ಕ ಮೂರು ಮಾತುಗಳಿವೆ.

ಮೊದಲನೆಯದು, ಊಟಕ್ಕೆ ಕೂರುವ ಮುನ್ನ ಪಾತ್ರೆಯಲ್ಲಿರುವುದನ್ನು ಎಲ್ಲರೂ ನೋಡುವುದು. ಎಷ್ಟಿದೆ, ಎಷ್ಟು ಜನ ಎಂದು ತಿಳಿದವನು ಎರಡನೆಯ ಸಲ ಕೈ ಚಾಚುವಾಗ ಯೋಚಿಸುತ್ತಾನೆ. ಬಡಿಸುವವಳ ತಟ್ಟೆಗೆ ಮೊದಲೇ ಅವಳ ಪಾಲನ್ನು ತೆಗೆದಿಡುವ ಕೆಲಸವನ್ನು ಮನೆಯ ಮಕ್ಕಳಲ್ಲಿ ಒಬ್ಬರು ವಹಿಸಿಕೊಂಡರೆ, ಅದಕ್ಕೆ ಒಂದು ಕಾಸೂ ಖರ್ಚಾಗುವುದಿಲ್ಲ.

ಎರಡನೆಯದು, ಹಿತ್ತಿಲ ಕೆಲಸದಲ್ಲಿ ಗಂಡುಮಕ್ಕಳು ಕೊಡ ಹೊರುವುದು, ಸೊಪ್ಪು ಸೋಸುವುದು. ಬಿಡಿಸಿದವನಿಗೆ ಹುಳು ತಿಂದ ಎಲೆಯ ಬೆಲೆಯೂ ತಿಳಿಯುತ್ತದೆ. ಆಮೇಲೆ ಅವನು ತಟ್ಟೆಯಲ್ಲಿ ಸೊಪ್ಪನ್ನು ಬಿಟ್ಟು ಏಳುವುದಿಲ್ಲ. ಶಾಲೆಯ ಅಂಗಳದಲ್ಲಿ ಸ್ಥಳವಿದ್ದರೆ ಕೈ ತೊಳೆದ ನೀರಿಗೆ ಒಂದು ಪಾತಿ ನುಗ್ಗೆ, ಒಂದು ಪಾತಿ ಹರಿವೆ ಸಾಕು. ಹಿತ್ತಿಲಿಲ್ಲದ ಮಗುವಿಗೂ ಅಲ್ಲಿ ಒಂದು ಗಿಡ ತನ್ನದಾಗುತ್ತದೆ.

ಮೂರನೆಯದು, ಶಾಲೆಯ ಮಧ್ಯಾಹ್ನದ ಊಟವನ್ನು ಪಾಠವೆಂದೇ ತಿಳಿಯುವುದು. 2001ನೆಯ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿದ ಮೇಲೆ ನಮ್ಮ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಸೌಟಿನಿಂದ, ಹುಡುಗ ಹುಡುಗಿಯೆನ್ನದೆ, ಜಾತಿಯೆನ್ನದೆ ಸಮವಾಗಿ ಉಣ್ಣಬೇಕಾದ ಒಂದು ಪಂಕ್ತಿ ನಮಗೆ ದೊರೆತಿದೆ. ಆ ಪಂಕ್ತಿಯನ್ನು ಸಮವಾಗಿಯೇ ಉಳಿಸುವುದು ಉಪಾಧ್ಯಾಯರ ಕರ್ತವ್ಯ. ಶಾಲೆಯಲ್ಲಿ ಸಮವಾಗಿ ಉಂಡ ಹುಡುಗಿ ಮನೆಯಲ್ಲಿ ತಾಯಿಯ ತಟ್ಟೆಯನ್ನು ಗಮನಿಸದೆ ಇರಲಾರಳು.

ಮಿತವ್ಯಯ ಒಳ್ಳೆಯದಲ್ಲವೆಂದು ಹೇಳುವುದಕ್ಕಾಗಿ ನಾವು ಇದನ್ನು ಬರೆಯಲಿಲ್ಲ. ಬರದ ಸೀಮೆಯಲ್ಲಿ ಹುಟ್ಟಿದವರು ಹಾಗೆ ಹೇಳಿದರೆ ಅದು ಕೃತಘ್ನತೆ. ಒಂದು ಮಡಕೆಯಿಂದ ಎರಡು ಬಗೆ ಮಾಡಿದ, ಸಿಪ್ಪೆಯಿಂದ ಚಟ್ನಿ ಅರೆದ, ಬಚ್ಚಲ ನೀರಿನಿಂದ ಬಸಳೆ ಬೆಳೆಸಿದ ಕೈಗಳಿಂದಲೇ ನಾವು ಬೆಳೆದೆವು. ಆದರೆ ಆ ಕೈಗಳ ಕೌಶಲವನ್ನು ಹೊಗಳುವಾಗ ಅವುಗಳ ಹಸಿವನ್ನೂ ಸೇರಿಸಿ ಹೊಗಳಿಬಿಟ್ಟೆವು. ಅಷ್ಟು ಮಾತ್ರ ತಪ್ಪು. ಕೌಶಲವನ್ನು ಕಲಿಯೋಣ, ಹಸಿವನ್ನು ಹಂಚಿಕೊಳ್ಳೋಣ.

ಮುಂದಿನ ಸಲ ತರಗತಿಯಲ್ಲಿ ಮಿತವ್ಯಯದ ಪ್ರಬಂಧವನ್ನು ಕೊಡುವಾಗ ಅದರ ಕೆಳಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂದು ನಮ್ಮ ಸಹೋದ್ಯೋಗಿಗಳಲ್ಲಿ ವಿನಂತಿ: “ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರಿಗೆ ಏನು ಉಳಿದಿತ್ತು?” ಉತ್ತರಕ್ಕೆ ಅಂಕ ಬೇಡ. ಮಗು ಮನೆಗೆ ಹೋಗಿ ಕೇಳಿಕೊಂಡು ಬಂದರೆ ಸಾಕು.